ಮೊದಲು ಗೋಡೆ, ಆಮೇಲೆ ಮುಖ

ಬಾಳಪ್ಪನ ಎಡಗೆನ್ನೆ ಅದುರಿತು. ಹಾಸಿಗೆಯ ಪಕ್ಕದ ಲ್ಯಾಪ್‌ಟಾಪು "ಗ ಗ ಡ ಳ" ಎಂದಿತು. ಕೆನ್ನೆ ಮತ್ತೆ ಅದುರಿತು. "ಠ" ಎಂದಿತು. ಗಂಗಾ ಆ ಯಂತ್ರದ ಮುಂದೆ ಎರಡೂ ಕೈ ಜೋಡಿಸಿ, "ನಿನ್ನ ಕಾಲಿಗೆ ಬೀಳ್ತೀನೋ ಯಪ್ಪಾ, ಒಂದ ಮಾತು ನೆಟ್ಟಗ ಹೇಳು" ಎಂದು ಬೇಡಿಕೊಂಡಳು. ಕಂಪ್ಯೂಟರಿಗೆ ಕೈಮುಗಿಯುವವಳನ್ನು ಕಂಡು ನಗುವವರು ನಗಲಿ. ಗಂಡನ ನಾಲಿಗೆ, ಕೈ, ಕಣ್ಣುರೆಪ್ಪೆ ಎಲ್ಲ ಸೋತು, ಉಳಿದದ್ದು ಆ ಪೆಟ್ಟಿಗೆ ಒಂದೇ ಎಂದಾದರೆ ನಗುವವರೂ ಕೈಮುಗಿಯುತ್ತಾರೆ.

ಈ ಬಾಳಪ್ಪ ಏನು ಸಾಮಾನ್ಯ ಮಾತುಗಾರನೇ? ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅವನ ಸೀರೆ ಅಂಗಡಿ. ಇಳಕಲ್ ಸೀರೆಯ ಸೆರಗು ಬಿಡಿಸಿ ಅವನು ಮಾತಿಗೆ ಕುಳಿತನೆಂದರೆ, ಬರೀ ನೋಡಿ ಹೋಗಲು ಬಂದ ಮರಾಠಿ ಹೆಂಗಸರು ಚೀಲ ತುಂಬಿಕೊಂಡು ಹೋಗುತ್ತಿದ್ದರು. "ಬಾಳಪ್ಪನ ಬಾಯಿಗೆ ಬೀಗ ಹಾಕೋರು ಇನ್ನಾ ಹುಟ್ಟಿಲ್ಲ" ಎಂದು ಪಕ್ಕದ ಅಂಗಡಿಯವರು ಚೇಷ್ಟೆ ಮಾಡುತ್ತಿದ್ದರು. ಹಾಳು ಕಾಯಿಲೆ ಬಂದು ಬೀಗ ಹಾಕಿತು. ನರಗಳು ಒಂದೊಂದಾಗಿ ಕೈಬಿಡುವ ರೋಗ. ಕಾಲಿನಿಂದ ಶುರುವಾಗಿ ಕೈಗೆ, ಕೈಯಿಂದ ಗಂಟಲಿಗೆ ಏರಿತು. ಬುದ್ಧಿಯನ್ನು ಮಾತ್ರ ಮುಟ್ಟಲಿಲ್ಲ. ಎಲ್ಲ ಕೇಳಿಸುತ್ತದೆ, ಎಲ್ಲ ತಿಳಿಯುತ್ತದೆ, ಹೇಳಲು ದಾರಿಯಿಲ್ಲ.

ಆ ದಾರಿ ಮಾಡಿಕೊಟ್ಟವರು ಠಾಣೆಯ ರಘುಪತಿ ಸರ್. ಮಂಗಳೂರು ಕಡೆಯವರು, ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಅವರ ತಮ್ಮನಿಗೂ ಇದೇ ರೋಗ. ತಮ್ಮನಿಗಾಗಿ ಬರೆದ ಸಾಫ್ಟ್‌ವೇರಿಗೆ 'ದನಿ' ಎಂದು ಹೆಸರಿಟ್ಟು, ಬೇಕಾದವರೆಲ್ಲ ಪುಕ್ಕಟೆ ತೆಗೆದುಕೊಳ್ಳಿ ಎಂದು ಹಂಚಿಬಿಟ್ಟರು. ರೋಗಿಯ ಕನ್ನಡಕದ ಕಡ್ಡಿಗೆ ಒಂದು ಪುಟ್ಟ ಕ್ಯಾಮೆರಾ. ಪರದೆಯ ಮೇಲೆ ಅಕ್ಷರಗಳು ಒಂದಾದ ಮೇಲೊಂದು ಬೆಳಗುತ್ತ ಹೋಗುತ್ತವೆ. ಬೇಕಾದ ಅಕ್ಷರ ಬಂದಾಗ ರೋಗಿ ಕೆನ್ನೆ ಹಾರಿಸಬೇಕು. ರೋಗದಿಂದ ತಾನಾಗಿ ಅದುರುವ ಕೆನ್ನೆ ಯಾವುದು, ಮನಸ್ಸು ಮಾಡಿ ಹಾರಿಸಿದ ಕೆನ್ನೆ ಯಾವುದು ಎಂದು ದನಿಗೆ ಗೊತ್ತಾಗುತ್ತದೆ. ಆಮೇಲೆ ಅದು ಮಾತನ್ನು ಗಟ್ಟಿಯಾಗಿ ಹೇಳುತ್ತದೆ, ಅದೂ ರಘುಪತಿ ಸರ್ ಅವರ ಸ್ವಂತ ಧ್ವನಿಯಲ್ಲಿ. ಬಾಗಲಕೋಟೆಯ ಬಾಳಪ್ಪ ಮಂಗಳೂರಿನ ಧ್ವನಿಯಲ್ಲಿ "ಏನಲೇ ಶಿವ್ಯಾ" ಎಂದಾಗ ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಒಂದು ವರ್ಷ ಹಾಗೆ ನಡೆಯಿತು.

ಕಳೆದ ವಾರ ಬಾಳಪ್ಪನ ತಮ್ಮ ಶಿವರಾಜ ಕಲ್ಯಾಣದಿಂದ ಬಂದವನು, ಅಣ್ಣನಿಗೆ ಒಳ್ಳೆಯದಾಗಲಿ ಎಂದು ದನಿಯ ಹೊಸ ಆವೃತ್ತಿಯನ್ನು ಲ್ಯಾಪ್‌ಟಾಪಿಗೆ ಹಾಕಿದ. ಅಷ್ಟೇ, ಮಾತು ಕೆಟ್ಟಿತು. ಹಳೆಯದನ್ನು ಮತ್ತೆ ಹಾಕಲು ಹೋದರೆ ಲ್ಯಾಪ್‌ಟಾಪು ಒಪ್ಪಲಿಲ್ಲ. ಅಂದಿನಿಂದ ಬರೀ ಗ ಗ ಡ ಳ.

ಕೆಡಲಿಕ್ಕೆ ಇದೇ ವಾರ ಬೇಕಿತ್ತೇ? ಅಂದು ಬೆಳಿಗ್ಗೆ ಡಾಕ್ಟರು ಬಂದು ಎದೆಗೆ ಕಿವಿಕೊಟ್ಟು ಕೇಳಿ, ಗಂಗಾಳನ್ನು ಹೊರಗೆ ಕರೆದು ಹೇಳಿದ್ದರು. ಉಸಿರು ಇಳಿಯುತ್ತಿದೆ, ಮೂಗಿನ ಮಾಸ್ಕು ಇನ್ನು ಸಾಲುವುದಿಲ್ಲ. ಗಂಟಲಿಗೆ ತೂತು ಮಾಡಿ ವೆಂಟಿಲೇಟರ್ ಜೋಡಿಸಿದರೆ ಇನ್ನೂ ಕೆಲವು ವರ್ಷ ಬದುಕಬಹುದು, ಆದರೆ ಕೊನೆತನಕ ಅದೇ. ಬೇಡವೆಂದರೆ ಮನೆಯಲ್ಲೇ, ಸಂಕಟವಾಗದ ಹಾಗೆ ನೋಡಿಕೊಳ್ಳೋಣ. "ಅವರಿಗೆ ಬುದ್ಧಿ ಇದೆ, ಅವರನ್ನೇ ಕೇಳಿ. ನಾಳೆ ಸಂಜೆಯೊಳಗೆ ನನಗೆ ಹೇಳಿ" ಎಂದು ಹೋದರು.

"ಕೇಳೂದೇನೈತಿ ವೈನಿ?" ಎಂದು ಶಿವರಾಜ ಅತ್ತಿಗೆಯ ಮೇಲೆ ಸಿಡುಕಿದ. "ಸಹಿ ಮಾಡೂಣು. ಅಣ್ಣ ಉಳದ್ರ ಸಾಕಲ್ಲ."

ಗಂಗಾಳಿಗೂ ಉಳಿದರೆ ಸಾಕಿತ್ತು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಅಷ್ಟೇ ಬೇಕಿತ್ತು. ಈ ಪ್ರಶ್ನೆ ಎಂದಾದರೂ ಬರುತ್ತದೆ ಎಂದು ಗೊತ್ತಿದ್ದೂ, ದನಿ ಸರಿಯಿದ್ದ ಇಡೀ ವರ್ಷ ಅದನ್ನು ಬಾಯಿಗೆ ತರಲು ಹೆದರಿದ್ದಳು. ಈಗ ಕೇಳಿದಳು. "ಹೂಂ ಅಂದ್ರ ಕೆನ್ನಿ ಹಾರಸ್ರಿ" ಎಂದಳು, ಹಾರಿತು. "ಬ್ಯಾಡಾ ಅಂದ್ರ ಹಾರಸ್ರಿ" ಎಂದಳು, ಅದಕ್ಕೂ ಹಾರಿತು. ಏನೂ ಕೇಳದೆ ಸುಮ್ಮನೆ ಕುಳಿತಳು, ಆಗಲೂ ಹಾರಿತು. ಗಂಡನ ಗಂಟಲನ್ನು ಕೊಯ್ಯಿಸುವುದೋ ಬಿಡುವುದೋ ಎಂಬುದನ್ನು ಗಂಡನನ್ನು ಕೇಳದೆ ತೀರ್ಮಾನಿಸುವುದು ಅವಳಿಂದ ಸಾಧ್ಯವಿರಲಿಲ್ಲ.

ದನಿಗೆ ಒಂದು ವಿಕಿ ಇತ್ತು. ಬಳಸುವವರೆಲ್ಲ ಸೇರಿ ಬರೆಯುವ, ಓದುವ ತಾಣ. ಕ್ಯಾಮೆರಾ ಜೋಡಿಸುವುದು ಹೇಗೆ, ಅಕ್ಷರ ಓಡಿದರೆ ಏನು ಮಾಡಬೇಕು, ಪ್ರತಿಯೊಂದಕ್ಕೂ ರಘುಪತಿ ಸರ್ ಒಂದೊಂದು ಪುಟ ಬರೆದಿದ್ದರು. ಯಾರು ಬೇಕಾದರೂ ತಿದ್ದಬಹುದು, ಆದರೆ ತಿದ್ದಿದ್ದು ಸರ್ ಒಪ್ಪಿದ ಮೇಲೆಯೇ ಪುಟಕ್ಕೆ ಬರುತ್ತಿತ್ತು. ಕಳೆದ ವರ್ಷ ಸರ್ ಎದೆನೋವು ಬಂದು ತೀರಿಕೊಂಡರು. ಒಪ್ಪುವವರಿಲ್ಲದೆ ಪುಟಗಳು ಇದ್ದ ಹಾಗೇ ನಿಂತವು. ಕೆಳಗೆ ಅಭಿಪ್ರಾಯ ಬರೆಯುವ ಜಾಗ ಮಾತ್ರ ಎಲ್ಲರಿಗೂ ತೆರೆದಿತ್ತು. ನಮ್ಮ ಜನ ಗೊತ್ತಲ್ಲ? ತಮಗೆ ಉಪಕಾರ ಮಾಡಿದ ಪುಟ ಯಾವುದೋ ಅದರ ಕೆಳಗೇ ಹೋಗಿ ಪ್ರತಿಯೊಂದು ಮನೆಯವರೂ ಶ್ರದ್ಧಾಂಜಲಿ ಬರೆದರು. ಸರ್ ಬರೆದದ್ದನ್ನು ತಿದ್ದುವುದು ಮಹಾಪಾಪ, ಕೆಳಗೆ ಹೂವಿಡುವುದು ಪುಣ್ಯ. ವರ್ಷವಿಡೀ ಇಟ್ಟರು.

ಗಂಗಾ ಹುಡುಕುವ ಪೆಟ್ಟಿಗೆಯಲ್ಲಿ 'ಕೆನ್ನೆ' ಎಂದು ಬರೆದಳು. ಮೊದಲು ಬಂದದ್ದು: "ಸರ್, ನಮ್ಮ ಅಮ್ಮ ಕೊನೆಯ ದಿನ ಕೆನ್ನೆಯಿಂದಲೇ ನಿಮಗೆ ನಮಸ್ಕಾರ ಹೇಳಿದ್ದರು." 'ಅಕ್ಷರ ಓಡುತ್ತದೆ' ಎಂದು ಬರೆದಳು. "ಸರ್, ಅಕ್ಷರ ಕಲಿಸಿದ ಗುರು ನೀವು, ಇಷ್ಟು ಬೇಗ ಎಲ್ಲಿಗೆ ಓಡಿದಿರಿ" ಎಂದು ಬಂತು. ಹೂವಿನ ಚಿತ್ರ, ದೀಪದ ಚಿತ್ರ, ಕೈಮುಗಿದ ಚಿತ್ರ. ಕೆಳಗೆ ಹೋದಷ್ಟೂ ಅದೇ. ಸರ್ ಅವರ ಮೂಲ ಪುಟದಲ್ಲಿ 'ಕ್ಯಾಮೆರಾವನ್ನು ಕೆನ್ನೆಗೆ ಹಿಡಿದು ಶುರು ಒತ್ತಿ' ಎಂದಿತ್ತು. ಅದನ್ನು ಅವಳು ಸಾಕುಸಾಕಾಗುವಷ್ಟು ಸಲ ಮಾಡಿ ನೋಡಿದ್ದಳು. ದನಿ ಬಳಸುವವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ, "ಸರ್ ಪುಟದಲ್ಲಿ ಎಲ್ಲಾ ಇದೆ ಆಂಟಿ, ಸರಿಯಾಗಿ ಹುಡುಕಿ" ಎಂಬ ಉಪದೇಶ. ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು.

ವಿಕಿಯ ಕೀಲಿಕೈ ಸರ್ ಅವರ ಮಗಳು ನಿಶ್ಮಿತಾಳ ಹತ್ತಿರ ಇದೆ ಎಂದು ಗುಂಪಿನ ಯಾರೋ ಹೇಳಿದರು. ಮನೆ ವರ್ತಕ ನಗರದಲ್ಲಿ, ಕೆಲಸ ಬೇಲಾಪುರದಲ್ಲಿ. ಗಂಗಾ ಫೋನ್ ಮಾಡಿದಳು, ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಶಿವರಾಜನನ್ನು ಅಣ್ಣನ ಪಕ್ಕ ಕೂರಿಸಿ, ಲೋಕಲ್ ಹತ್ತಿ ಠಾಣೆಗೆ ಬಂದು, ಅಲ್ಲಿ ಪನ್ವೇಲ್ ಗಾಡಿ ಹಿಡಿದಳು. ತುರ್ಭೆ ದಾಟುವಾಗ ಅವಳಿಗೆ ಒಂದೇ ಚಿಂತೆ, ಈ ಹೊತ್ತಿನಲ್ಲಿ ಅಲ್ಲಿ ಉಸಿರು ನಿಂತರೆ ತಾನು ಇಲ್ಲಿ ಗಾಡಿಯಲ್ಲಿ ಇರುತ್ತೇನಲ್ಲ ಎಂದು.

ನಿಶ್ಮಿತಾ ಊಟದ ಹೊತ್ತಿಗೆ ಆಫೀಸಿನ ಕೆಳಗೆ ಇಳಿದು ಬಂದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಡಬ್ಬಿ. ಗಂಗಾ ಎಲ್ಲ ಹೇಳಿದಳು.

"ಆಂಟಿ, ಆ ಸಾಫ್ಟ್‌ವೇರ್ ಬಗ್ಗೆ ನನಗೆ ಎಂತದೂ ಗೊತ್ತಿಲ್ಲ" ಎಂದಳು ನಿಶ್ಮಿತಾ. "ಸಚ್ಚಿ, ಸತ್ಯ ಹೇಳ್ತೇನೆ. ಪಪ್ಪ ಹೊಸ ದನಿ ಮಾಡಿ ಮುಗಿಸಿದ್ರು, ಪುಟ ತಿದ್ದುವ ಮೊದಲೇ ಹೋದ್ರು. ಪಾಸ್‌ವರ್ಡ್ ಮಾತ್ರ ನನ್ನ ಹತ್ರ ಉಂಟು."

"ಹಂಗಾದ್ರ ಒಂದ ಕೆಲಸ ಮಾಡು ತಂಗಿ. ಆ ಶ್ರದ್ಧಾಂಜಲಿ ಎಲ್ಲಾ ತಗದ ಹಾಕು. ಹುಡುಕಿದ್ರ ಬರೇ ಅಳೂದ ಬರತೈತಿ. ಅದರಾಗ ಎಲ್ಲೋ ಉತ್ತರ ಮುಚ್ಚಿ ಹೋಗಿರಬೇಕು."

ನಿಶ್ಮಿತಾಳ ಮುಖ ಗಂಟಾಯಿತು. "ತೆಗೀಲಿಕ್ಕೆ ಆಗುದಿಲ್ಲ ಆಂಟಿ. ದಿನಾ ಟ್ರೇನಲ್ಲಿ ನಾನು ಅದನ್ನೇ ಓದಿಕೊಂಡು ಬರುದು. ಪಪ್ಪನದ್ದು ನನಗೆ ಉಳಿದದ್ದು ಅಷ್ಟೇ."

ಗಂಗಾಳ ತಾಳ್ಮೆಯ ಕಟ್ಟೆ ಅಲ್ಲಿಗೆ ಒಡೆಯಿತು. ಸುತ್ತ ಊಟಕ್ಕೆ ಬಂದವರು ನೋಡುತ್ತಿದ್ದಾರೆ ಎಂಬುದೂ ನೆನಪಿರಲಿಲ್ಲ. "ನಿಮ್ಮಪ್ಪ ಸತ್ತಾರವ್ವಾ! ನನ್ನ ಗಂಡ ಇನ್ನಾ ಸತ್ತಿಲ್ಲ! ಇವತ್ತ ಸಂಜೀಕ ಅವರ ಗಂಟಲಾ ಕೊಯ್ಯೂದೋ ಬ್ಯಾಡೋ ಅಂತ ಹೇಳಬೇಕು ನಾನು. ಅವರ ಬಾಯಿ ನಿನ್ನ ಹಾರದ ಕೆಳಗ ಸಿಕ್ಕೊಂಡೈತಿ!" ಎಂದು ಕೂಗಿಬಿಟ್ಟಳು.

ನಿಶ್ಮಿತಾಳ ಕಣ್ಣು ತುಂಬಿತು, ಸಿಟ್ಟೂ ಬಂತು. ಡಬ್ಬಿಯನ್ನು ಮೆಟ್ಟಿಲ ಮೇಲೆ ಕುಕ್ಕಿ ಫೋನ್ ತೆಗೆದಳು. "ಯಾವುದನ್ನು ಅಳಿಸ್ಲಿ? ನೀವೇ ಹೇಳಿ. ಇದನ್ನಾ? 'ನಮ್ಮ ಮಗಳ ಮದುವೆಗೆ ಅವಳಪ್ಪ ನಿಮ್ಮ ಧ್ವನಿಯಲ್ಲಿ ಆಶೀರ್ವಾದ ಮಾಡಿದರು.' ಅಳಿಸ್ಲಾ? ಅಥವಾ ಇದು? ಕಲ್ಯಾಣದ ವಿಶಾಲ್ ಬರೆದದ್ದು. 'ಸರ್, ಹೊಸ ದನಿ ಹಾಕಿದಾಗ ಅಪ್ಪನ ಮಾತು ಕೆಟ್ಟು, ನಿಮಗೆ ಫೋನ್ ಮಾಡಿದ್ದೆ. ಎಷ್ಟು ಬೈದಿರಿ! ಮೊದಲು ಗೋಡೆ ತೋರಿಸು ಮಾರಾಯ, ಆಮೇಲೆ ಮುಖ ತೋರಿಸು, ನಿನ್ನ ತಲೆಗೆ ಹೋಗುದು ಯಾವಾಗ ಅಂತ. ಆ ಬೈಗುಳ ಇನ್ನು ಎಲ್ಲಿ ಸಿಗಬೇಕು ಸರ್.' ಪಪ್ಪ ಬೈಯುದು ಹೀಗೇ. ಇದನ್ನು ಅಳಿಸ್ಲಾ ಆಂಟಿ?"

ಗಂಗಾ ಫೋನ್ ಇದ್ದ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಳು. "ಏನಂದಿ? ಇನ್ನೊಮ್ಮೆ ಓದು. ಗೋಡಿ ತೋರಿಸು ಅಂದ್ರೇನು?"

ನಿಶ್ಮಿತಾ ಆ ಸಾಲನ್ನು ಮತ್ತೆ ಓದಿದಳು. ಆಮೇಲೆ ಮೆಲ್ಲಗೆ, "ಗೋಡೆ ಅಲುಗುದಿಲ್ಲ ಅಲ್ಲವಾ ಆಂಟಿ?" ಎಂದಳು. "ಅಲುಗದೇ ಇರುದು ಅಂದ್ರೆ ಹೇಗೆ ಅಂತ ಅದಕ್ಕೆ ಮೊದಲು ತೋರಿಸ್ಬೇಕೋ ಏನೋ. ನೇರ ಕೆನ್ನೆಗೆ ಹಿಡಿದ್ರೆ ತಾನಾಗಿ ಅದುರುದು ಯಾವುದು, ಹಾರಿಸುದು ಯಾವುದು ಅಂತ ಅದಕ್ಕೆ ಗೊತ್ತಾಗುದಿಲ್ಲ."

ಅಯ್ಯೋ ದೇವರೇ! ವರ್ಷವಿಡೀ ಅಲ್ಲೇ ಇತ್ತು. ಯಾವನೋ ಪುಣ್ಯಾತ್ಮ ಉತ್ತರವನ್ನು ಉತ್ತರವೆಂದು ಬರೆಯದೆ ಕಣ್ಣೀರಿನಲ್ಲಿ ಸುತ್ತಿ ಇಟ್ಟಿದ್ದ. ಗಂಗಾ ಹೇಳಿದ ಹಾಗೆ ಎಲ್ಲ ಅಳಿಸಿಹಾಕಿದ್ದರೆ ಅದೂ ಹೋಗುತ್ತಿತ್ತು. ಅವಳು ನಿಶ್ಮಿತಾಳ ತಲೆಯ ಮೇಲೆ ಕೈಯಿಟ್ಟು, ಹಾಗೇ ಸ್ಟೇಷನ್ನಿಗೆ ಓಡಿದಳು.

ಮನೆಗೆ ಬಂದವಳು ಚಪ್ಪಲಿ ಸಹ ಬಿಡಲಿಲ್ಲ. ಬಾಳಪ್ಪನ ಕನ್ನಡಕ ತೆಗೆದು ಕ್ಯಾಮೆರಾವನ್ನು ಖಾಲಿ ಗೋಡೆಗೆ ಹಿಡಿದು ಶುರು ಒತ್ತಿದಳು. ಕನ್ನಡಕ ಅಲುಗಿದ್ದಕ್ಕೆ ಯಂತ್ರ ಒಪ್ಪಲಿಲ್ಲ. ಪುಸ್ತಕಗಳ ಮೇಲೆ ಕನ್ನಡಕ ಇಟ್ಟು ಮತ್ತೆ ಒತ್ತಿದಳು. ಪರದೆಯ ಅಂಚು ಹಸಿರಾಯಿತು. ಆಮೇಲೆ ಕನ್ನಡಕವನ್ನು ಗಂಡನ ಮುಖಕ್ಕೆ ಹಾಕಿದಳು. ಕೆನ್ನೆ ಅದುರಿತು, ಲ್ಯಾಪ್‌ಟಾಪು ಸುಮ್ಮನಿತ್ತು. ಮತ್ತೆ ಅದುರಿತು, ಆಗಲೂ ಸುಮ್ಮನಿತ್ತು. ಶಿವರಾಜ ಬಾಗಿಲಲ್ಲಿ ನಿಂತಿದ್ದ. ಅಷ್ಟರಲ್ಲಿ ನಿಶ್ಮಿತಾಳ ಫೋನ್ ಬಂತು. "ಆಯ್ತಾ ಆಂಟಿ?"

"ತಡಿ, ತಡಿ" ಎಂದು ಗಂಗಾ ಫೋನನ್ನು ಹಾಸಿಗೆಯ ಮೇಲಿಟ್ಟಳು. ಅಕ್ಷರಗಳು ಬೆಳಗುತ್ತ ಹೋದವು. ಒಂದು ಅಕ್ಷರ ನಿಂತಿತು. ಬಹಳ ಹೊತ್ತಿಗೆ ಇನ್ನೊಂದು. ಆಮೇಲೆ ರಘುಪತಿ ಸರ್ ಅವರ ಧ್ವನಿ ಸ್ಪಷ್ಟವಾಗಿ ಹೇಳಿತು: "ಫ್ಯಾನ್ ಸಣ್ಣ ಮಾಡ. ಥಂಡಿ."

ಗಂಗಾ ತಲೆಯೆತ್ತಿ ಫ್ಯಾನ್ ನೋಡಿದಳು. ಸೆಖೆಯಾಗಬಾರದು ಎಂದು ಒಂದು ವಾರದಿಂದ ಜೋರಾಗಿ ತಿರುಗುತ್ತಿತ್ತು. ಒಂದು ವಾರ ಈ ಮನುಷ್ಯ ಥಂಡಿಯಲ್ಲಿ ಮಲಗಿದ್ದ, ಪಕ್ಕದಲ್ಲೇ ಕೂತವಳಿಗೆ ಗೊತ್ತಾಗಿರಲಿಲ್ಲ. ಓಡಿ ಹೋಗಿ ಫ್ಯಾನ್ ಆರಿಸಿ, ಚಾದರ ಹೊದಿಸಿ, ಅವನ ಕಾಲು ಹಿಡಿದು ಗೊಳೋ ಎಂದು ಅತ್ತಳು. ಫೋನಿನ ಆ ಕಡೆಯೂ ಅಳು ಕೇಳಿಸುತ್ತಿತ್ತು. ನಿಶ್ಮಿತಾ "ಪಪ್ಪ" ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಶಿವರಾಜ ಚಹಾಕ್ಕೆ ಇಡುತ್ತೇನೆಂದು ಕಣ್ಣೊರೆಸುತ್ತ ಅಡಿಗೆಮನೆಗೆ ಹೋದ. ಗಂಗಾ ಲ್ಯಾಪ್‌ಟಾಪಿನ ಸದ್ದು ತಗ್ಗಿಸಿ, ಗಂಡನ ಕಿವಿಯ ಹತ್ತಿರ ಬಾಗಿ, ಡಾಕ್ಟರು ಹೇಳಿದ್ದೆಲ್ಲವನ್ನೂ ಹೇಳಿದಳು. ತೂತು, ಕೊಳವೆ, ವರ್ಷಗಳು. ಬೇಡವೆಂದರೆ ಏನು ಎಂಬುದನ್ನೂ ಮುಚ್ಚಿಡಲಿಲ್ಲ. "ಏನಂತೀರಿ?" ಎಂದಳು.

'ಬ್ಯಾ' ಎಂದು ಬಂತು. "ಬ್ಯಾಸರಾಗೇತೇನ್ರಿ?" ಎಂದಳು ಗಂಗಾ ಅವಸರದಲ್ಲಿ. ಆ ಮಾತು ಬೇರೇನಾದರೂ ಆಗಲಿ ಎಂದು ದೇವರಲ್ಲಿ ಬೇಡುತ್ತಿದ್ದಳು. ಕೆನ್ನೆ ಅವಸರಪಡಲಿಲ್ಲ. 'ಡ' ಬಂತು. "ಬ್ಯಾಡ" ಎಂದಿತು ಧ್ವನಿ, ಪಿಸುಮಾತಿನಲ್ಲಿ. ಸ್ವಲ್ಪ ಹೊತ್ತಿಗೆ ಅಕ್ಷರಗಳು ಮತ್ತೆ ಬೆಳಗಿದವು. "ಸಾಕು ಗಂಗಾ. ದಣದೀನಿ."

ಇದಕ್ಕಾಗಿಯೇ ಬೇಲಾಪುರಕ್ಕೆ ಓಡಿದ್ದೆನೇ? ಪರರ ಮಗಳ ಮೇಲೆ ಕೂಗಾಡಿದ್ದು ಈ ಒಂದು ಮಾತು ಕೇಳಲಿಕ್ಕೇ? ಆ ಮಾತು ಪರದೆಯ ಮೇಲೆ ಇನ್ನೂ ಇತ್ತು. ಒಂದು ಗುಂಡಿ ಒತ್ತಿದರೆ ಮಾಯ. 'ಯಂತ್ರ ಮತ್ತೆ ಕೆಟ್ಟಿತು, ಸಹಿ ಮಾಡೋಣ' ಎಂದರೆ ಕೇಳುವವರಾರು? ಅವಳ ಬೆರಳು ಆ ಗುಂಡಿಯ ಮೇಲೆಯೇ ಇತ್ತು. ಬಾಳಪ್ಪನ ಕಣ್ಣು ಅವಳ ಕಡೆಗೆ ಹೊರಳಲಾರದೆ ಆ ಪರದೆಯನ್ನೇ ನೋಡುತ್ತಿತ್ತು.

ಶಿವರಾಜ ಚಹಾ ತಂದ. "ಏನಂದ ಅಣ್ಣ?"

ಗಂಗಾ ಬೆರಳು ತೆಗೆದಳು. "ಬ್ಯಾಡ ಅಂದ್ರು."

"ಇನ್ನೊಮ್ಮೆ ಕೇಳ್ರಿ ವೈನಿ! ಸರೀ ಕೇಳ್ರಿ!"

"ಇನ್ನೊಮ್ಮೆ ಕೇಳಿದ್ರ ನನ್ನ ಮಾರಿ ನೆನಸಿ ಹೂಂ ಅಂತಾರ. ಅವರನ್ನ ನಾ ಬಲ್ಲೆ. ಕೇಳೂದಿಲ್ಲ" ಎಂದಳು ಗಂಗಾ. ಶಿವರಾಜ ಅಲ್ಲೇ ನೆಲಕ್ಕೆ ಕುಸಿದು ಕುಳಿತ. ಚಹಾ ಯಾರೂ ಕುಡಿಯಲಿಲ್ಲ. ಗಂಗಾ ಡಾಕ್ಟರಿಗೆ ಫೋನ್ ಮಾಡಿ ಗಂಡನ ಮಾತನ್ನೇ ಹೇಳಿದಳು.

ಮರುದಿನ ನಿಶ್ಮಿತಾ ತಾನಾಗಿ ಡೊಂಬಿವಲಿಗೆ ಬಂದಳು. ಬಾಳಪ್ಪನ ಪಕ್ಕ ಕುಳಿತು, ತಂದೆಯ ಧ್ವನಿಯಲ್ಲಿ ಅವನು "ಚಹಾ ಕೊಡ್ರಿ ಹುಡುಗಿಗಿ" ಎಂದದ್ದನ್ನು ಕೇಳಿದಳು. ಆಮೇಲೆ ಗಂಗಾಳನ್ನು ಕೂರಿಸಿಕೊಂಡು ವಿಕಿಯ ಬೀಗ ತೆಗೆದಳು, ಪಾಸ್‌ವರ್ಡನ್ನು ಅವಳಿಗೂ ಕೊಟ್ಟಳು. ಶ್ರದ್ಧಾಂಜಲಿಗಳನ್ನು ಅಳಿಸಲಿಲ್ಲ. ಎಲ್ಲವನ್ನೂ 'ನೆನಪು' ಎಂಬ ಒಂದೇ ಪುಟಕ್ಕೆ ಸಾಗಿಸಿ, ಹುಡುಕುವ ಪೆಟ್ಟಿಗೆ ಆ ಪುಟದೊಳಗೆ ಇಣುಕದ ಹಾಗೆ ಮಾಡಿದರು. ಸಾಗಿಸುವ ಮುಂಚೆ ಒಂದೊಂದನ್ನೂ ಓದಿ, ಅದರೊಳಗೆ ಏನಾದರೂ ಉಪಾಯ ಅಡಗಿದ್ದರೆ ಎತ್ತಿ ಮೇಲಿನ ಪುಟಕ್ಕೆ ಹಾಕಿದರು. ಒಪ್ಪಿಗೆಗೆ ಕಾದು ಕೊಳೆಯುತ್ತಿದ್ದ ತಿದ್ದುಪಡಿಗಳನ್ನು ಒಪ್ಪಿದರು. "ಪಪ್ಪನ ಸಾಲನ್ನು ನಾನು ಹೇಗೆ ಹೊಡೆದು ಹಾಕ್ಲಿ" ಎಂದು ನಿಶ್ಮಿತಾ ಕೈ ಹಿಂದೆಗೆದಳು. ಗಂಗಾಳೇ ಹೊಡೆದು ಹಾಕಿದಳು. 'ಕ್ಯಾಮೆರಾವನ್ನು ಕೆನ್ನೆಗೆ ಹಿಡಿದು' ಎಂಬುದು ಹೋಗಿ, 'ಮೊದಲು ಗೋಡೆ ತೋರಿಸಿ, ಆಮೇಲೆ ಮುಖ' ಎಂಬುದು ಬಂತು. ಅವಳಿಗೆ ತೋಚಿದ ಇನ್ನೊಂದು ಮಾತನ್ನೂ ಕೆಳಗೆ ಸೇರಿಸಿದಳು: 'ಮಾತು ಕೆಟ್ಟ ದಿನ, ಮೊದಲು ಫ್ಯಾನ್ ನೋಡಿ.'

ಬಾಳಪ್ಪ ಇನ್ನೂ ಕೆಲವು ದಿನ ಮಾತಾಡಿದ. ಅಂಗಡಿಯ ಯಾವ ಸೀರೆ ಯಾರಿಗೆ ಕೊಡಬೇಕೆಂದ, ಶಿವರಾಜನನ್ನು ಬೈದ. ಒಂದು ಮಧ್ಯಾಹ್ನ, ಗಂಗಾಳ ಕೈ ಅವನ ಕೆನ್ನೆಯ ಮೇಲಿದ್ದಾಗ ಅದುರುವುದು ನಿಂತಿತು.

ಸುದ್ದಿ ಗುಂಪಿಗೆ ಹೋಯಿತು. ನಮ್ಮ ಜನ ಬಿಡುತ್ತಾರೆಯೇ? ಗಂಗಾ ಫೋನ್ ತೆರೆದು ನೋಡುವಾಗ ಗೋಡೆಯ ಪುಟದ ಕೆಳಗೆ ಶುರುವಾಗಿತ್ತು. "ಬಾಳಪ್ಪ ಅಂಕಲ್ ಆತ್ಮಕ್ಕೆ ಶಾಂತಿ." "ಗಂಗಾ ಆಂಟಿ, ನಿಮ್ಮ ಜೊತೆ ಇದ್ದೇವೆ." ಹೂವು, ದೀಪ, ಕೈಮುಗಿದ ಚಿತ್ರ. ಸಾಲಿನಲ್ಲಿ ನಿಶ್ಮಿತಾಳದೂ ಒಂದು: "ಪಪ್ಪನ ಧ್ವನಿಯನ್ನು ನನಗೆ ಇನ್ನೊಮ್ಮೆ ಕೇಳಿಸಿದ ಅಂಕಲ್, ಇಬ್ಬರೂ ಅಲ್ಲಿ ಮಾತಾಡಿಕೊಂಡಿರಿ."

ಇದನ್ನು ಓದಿ ಗಂಗಾಳಿಗೆ ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಹಗಲೆಲ್ಲ ಅದನ್ನೇ ಓದುತ್ತ ಕೂರಬೇಕೆನಿಸಿತು. ಗಂಡನದು ಅವಳಿಗೂ ಉಳಿದದ್ದು ಅಷ್ಟೇ ಅಲ್ಲವೇ? ಬೇಲಾಪುರದ ಆ ಮೆಟ್ಟಿಲ ಮೇಲೆ ತಾನು ಕೂಗಾಡಿದ್ದು ಎಂಥಾ ಮಾತೆಂದು ಈಗ ತಿಳಿಯಿತು. ಆದರೂ ಮೊದಲಿನಿಂದ ಹಿಡಿದು ಒಂದೊಂದನ್ನೇ ಎತ್ತಿ ನೆನಪಿನ ಪುಟಕ್ಕೆ ಸಾಗಿಸಿದಳು. ನಿಶ್ಮಿತಾಳದ್ದನ್ನು ಕೊನೆಗೆ ಸಾಗಿಸಿದಳು.

ಆಮೇಲೆ ಹುಡುಕುವ ಪೆಟ್ಟಿಗೆಯಲ್ಲಿ 'ಕೆನ್ನೆ' ಎಂದು ಬರೆದು ನೋಡಿದಳು. ಮೊದಲು ಬಂದದ್ದು ಗೋಡೆಯ ಪುಟ. ಅದರ ಕೆಳಗೆ ಅವಳ ಗಂಡನ ಹೆಸರು ಎಲ್ಲೂ ಇರಲಿಲ್ಲ.